ಮೇಸ್ತ್ರಿ ಮನೆಯ ನೆಲ

ಆ ಮನೆಗೆ ಬಂದವರು ಮೊದಲು ನೆಲ ನೋಡುತ್ತಿದ್ದರು, ಆಮೇಲೆ ಮನೆಯವರ ಮುಖ. ಬಂದವರದು ತಪ್ಪಲ್ಲ, ನೆಲ ಹಾಗಿತ್ತು. ಟೈಲ್ಸ್ ಮೇಸ್ತ್ರಿಯಾಗಿ ಊರಿಡೀ ದುಡಿದವರು ಆ ಮನೆಯ ಸೊಸೆಯ ಮಾವ. ಒಂದೊಂದು ಕೆಲಸ ಮುಗಿದಾಗಲೂ ಉಳಿದ ಒಂದೆರಡು ಟೈಲ್ಸನ್ನು ಮಾಲೀಕರ ಹತ್ತಿರ ಕೇಳಿ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರು. ಹಾಗೆ ವರ್ಷಗಟ್ಟಲೆ ಕೂಡಿಹಾಕಿದ್ದನ್ನೆಲ್ಲ ಮಗನ ಮದುವೆಗೆ ಮುಂಚೆ ತಮ್ಮ ಮನೆಯ ನೆಲಕ್ಕೆ ಜೋಡಿಸಿದರು. ಒಂದರ ಬಣ್ಣ ಇನ್ನೊಂದಕ್ಕಿಲ್ಲ, ಒಂದರ ಹೂವು ಇನ್ನೊಂದಕ್ಕಿಲ್ಲ. ಆದರೂ ಕತ್ತರಿಸಿ, ಉಜ್ಜಿ, ಅಂಚಿಗೆ ಅಂಚು ಕೂಡಿಸಿದ ರೀತಿಗೆ ಇಡೀ ನೆಲ ಒಬ್ಬನೇ ಕೂತು ನೇಯ್ದ ಜಮಖಾನದ ಹಾಗೆ ಕಾಣುತ್ತಿತ್ತು.

ಈಗ ಮಾವನಿಗೆ ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಹೈಸ್ಕೂಲಿಗೆ ಹೋಗುವ ಮೊಮ್ಮಗಳನ್ನು ಒಮ್ಮೊಮ್ಮೆ ತಮ್ಮ ಸತ್ತ ತಂಗಿ ಎಂದುಕೊಂಡು ಮಾತಾಡಿಸುತ್ತಾರೆ. ಆದರೆ ಯಾವ ಟೈಲ್ಸ್ ಯಾರ ಮನೆಯದು ಎಂಬುದು ಮಾತ್ರ ಬಾಯಿಪಾಠ.

"ಇದು ಯಾರದು ತಾತ?" ಎಂದು ಮೊಮ್ಮಗಳು ಕಾಲ್ಬೆರಳಲ್ಲಿ ತೋರಿಸಿದರೆ ಸಾಕು.

"ಕಣ್ಣಿನ ಡಾಕ್ಟರ್ದು. ಮಹಡಿ ಮೇಲಿನ ಬಚ್ಚಲು. ಒಂದು ಲೋಟ ಚಹಾ ಕೂಡ ಕೊಡ್ಲಿಲ್ಲ ಪುಣ್ಯಾತ್ಮ."

"ಇದು?"

"ಬ್ಯಾಂಕಿಂದು. ಮ್ಯಾನೇಜರೇ ಜಾರಿ ಬಿದ್ದ. ಆಮೇಲೆ ಎಲ್ಲ ಕಿತ್ತು ಬೇರೆ ಹಾಕಿಸಿದ್ರು."

ಇಂಥ ನೆಲದ ಮೇಲೆ, ಮುಂದಿನ ಕೋಣೆಯಲ್ಲಿ, ಸೊಸೆ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಗುವನ್ನೂ ಒಂದು ಡಬ್ಬಿ ಊಟವನ್ನೂ ಬಿಟ್ಟು ಹೋದರೆ ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಬೀದಿಯವರು ಅದನ್ನು ಮಕ್ಕಳ ಮನೆ ಅನ್ನುತ್ತಿದ್ದರು. ಅಡುಗೆಮನೆ ಅತ್ತೆಯದು. ಅಲ್ಲಿ ಮಗು ಸ್ನಾನ ಮಾಡುವಷ್ಟು ದೊಡ್ಡ ಬಾಣಲೆ ಇಟ್ಟುಕೊಂಡು ಅಂಗಡಿಗಳಿಗೆ ಆಲೂಗಡ್ಡೆ ಚಿಪ್ಸ್ ಕರಿದು ಕೊಡುತ್ತಿದ್ದರು. ಹಿತ್ತಲಿನ ಶೆಡ್ಡು ಗಂಡನದು. ಅವನು ಮನೆಗಳಿಗೆ ಬಣ್ಣ ಬಳಿಯುವವನು, ಶೆಡ್ಡಿನ ತುಂಬ ಡಬ್ಬ, ಬ್ರಷ್ಷು. ನೆಲವಂತೂ ಮಾವನದೇ. ಮದುವೆಯಾಗಿ ಬಂದ ಮೇಲೆ ಇದು ನನ್ನದು ಎಂದು ಸೊಸೆ ಹೇಳಿಕೊಳ್ಳಬಹುದಾದದ್ದು ಬೆಳಿಗ್ಗೆಯಿಂದ ಸಂಜೆಯವರೆಗಿನ ಆ ಒಂದು ಕೋಣೆ, ಆ ಮಕ್ಕಳ ಗಲಾಟೆ. ಅದನ್ನು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಮೊದಲ ಸಲ ನೀರು ಉಕ್ಕಿದ್ದು ಒಂದು ಸೋಮವಾರ, ಮಕ್ಕಳು ಬಂದು ಚಾಪೆಯ ಮೇಲೆ ಕೂರುತ್ತಿದ್ದ ಹೊತ್ತಿನಲ್ಲಿ. ಅತ್ತೆ ಬಾಣಲೆಯ ತಳದ ಕರಿ ಎಣ್ಣೆಯನ್ನು ಸಿಂಕಿಗೆ ಸುರಿದು, ಅದರ ಹಿಂದೆ ದಿನದಂತೆ ಒಂದು ಪಾತ್ರೆ ಕುದಿಯುವ ನೀರು ಹುಯ್ದು, ನಲ್ಲಿ ತಿರುಗಿಸಿದರು. ಇತ್ತ ಬಚ್ಚಲಿನ ಜಾಲರಿ ಗೊಳಕ್ ಗೊಳಕ್ ಎಂದಿತು. ಕಪ್ಪು ನೀರು ಮೇಲೆದ್ದು, ಹೊಸ್ತಿಲು ದಾಟಿ, ಕಣ್ಣಿನ ಡಾಕ್ಟರ ಟೈಲ್ಸಿನ ಮೇಲೆ ಹರಿದು, ಚಾಪೆಯ ಅಂಚು ಮುಟ್ಟಿತು.

"ಅತ್ತೆ, ನಲ್ಲಿ ನಿಲ್ಲಿಸಿ! ಬಚ್ಚಲಲ್ಲಿ ಎಲ್ಲ ಮೇಲಕ್ಕೆ ಬರ್ತಿದೆ!"

"ನಾನು ಕೆಳಕ್ಕೆ ಬಿಟ್ಟ ನೀರು ಮೇಲಕ್ಕೆ ಹೇಗೆ ಬರುತ್ತೆ?" ಎಂದು ಅತ್ತೆ ಸೌಟು ಹಿಡಿದೇ ಬಂದರು. ನೋಡಿದ ಮೇಲೂ ಅವರಿಗೆ ನಂಬಿಕೆ ಬರಲಿಲ್ಲ. ಸೊಸೆಯೇ ಏನೋ ಕಿತಾಪತಿ ಮಾಡಿದ್ದಾಳೆ ಎಂಬಂತೆ ಅವಳ ಮುಖವನ್ನೂ ನೀರನ್ನೂ ಒಂದೊಂದು ಸಲ ನೋಡಿದರು.

ಮಕ್ಕಳಿಗೆ ಇದಕ್ಕಿಂತ ಖುಷಿಯ ಸಂಗತಿ ಬೇರೆ ಇರಲಿಲ್ಲ. ಬಸ್ಸಿನ ಕಂಡಕ್ಟರಮ್ಮನ ಮಗ ಗುಂಡ ಅಂಗೈಯಲ್ಲಿ ನೀರು ಬಡಿದು ನಕ್ಕ. ಸೊಸೆ ಅವನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಉಳಿದವರನ್ನು ಮಂಚದ ಮೇಲೆ ಹತ್ತಿಸಿ, ಇಡೀ ಬೆಳಗು ನೆಲ ಬಳಿದಳು.

ಅಂದು ಊಟಕ್ಕೆ ಕೂತಾಗ ಮಾತು ಅದೇ ಆಯಿತು.

"ಎಣ್ಣೇನ ಸಿಂಕಿಗೆ ಹಾಕಬೇಡಿ ಅತ್ತೆ. ಅದೇ ಕಟ್ಟಿಕೊಂಡಿರೋದು."

"ದಿನಾ ಕುದಿಯೋ ನೀರು ಹಾಕ್ತೀನಲ್ಲ! ಜಿಡ್ಡು ಕರಗಿ ಹೋಗುತ್ತೆ. ಈ ಮನೇಲಿ ಮೋರಿ ಬಗ್ಗೆ ನನ್ನಷ್ಟು ಕಾಳಜಿ ಯಾರಿಗಿದೆ?"

"ಕರಗಿ ಎಲ್ಲಿಗೆ ಹೋಗುತ್ತೆ ಅಜ್ಜಿ?" ಎಂದಳು ಮೊಮ್ಮಗಳು.

"ಹೋಗೋ ಕಡೆ ಹೋಗುತ್ತೆ. ನನ್ನ ಕಣ್ಮುಂದೆ ಇರಲ್ವಲ್ಲ, ಸಾಕು."

ನೀರಿನ ವಿಷಯದಲ್ಲಿ ಆ ಮನೆಯ ತಿಳುವಳಿಕೆ ಅಷ್ಟೇ. ಅತ್ತೆಯನ್ನು ಮಾತ್ರ ದೂರುವುದೇಕೆ, ಉಳಿದವರದೂ ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿರಲಿಲ್ಲ.

ಮರುದಿನ ಕೊಳಾಯಿ ರಿಪೇರಿಯವನು ಬಂದ. ಉದ್ದನೆಯ ಕಂಬಿ ಸುರುಳಿ ಹೆಗಲ ಮೇಲೆ, ಮೂಗಿನ ಮೇಲೆ ಕೋಪ. ಬಾಗಿಲಲ್ಲೇ ನಿಂತು ಕೇಳಿದ, "ಚೇಂಬರ್ ಎಲ್ಲಿದೆ?"

ಮನೆಯ ಕೊಳೆನೀರಿನ ಕೊಳವೆಗಳೆಲ್ಲ ಬಂದು ಕೂಡುವ ಗುಂಡಿ ಅದು. ಅಲ್ಲಿಂದ ಒಂದೇ ಕೊಳವೆ ಬೀದಿಯ ಒಳಚರಂಡಿಗೆ ಹೋಗುತ್ತದೆ. ಕಟ್ಟಿಕೊಂಡರೆ ಅದರ ಮುಚ್ಚಳ ತೆಗೆದು ಕಂಬಿ ಬಿಡಬೇಕು. ಎಲ್ಲರೂ ಮಾವನ ಮುಖ ನೋಡಿದರು. ಮನೆ ಕಟ್ಟಿದವರು ಅವರು.

"ಹೊರಗಿದೆ," ಎಂದರು ಮಾವ.

"ಹೊರಗೆ ಅಂದ್ರೆ ಎಲ್ಲಿ ಯಜಮಾನ್ರೇ?"

"ಗೇಟಿನ ಹತ್ರ."

ಗೇಟಿನ ಹತ್ತಿರ ಅಗೆದರು. ಇಟ್ಟಿಗೆ ಚೂರು ಬಿಟ್ಟರೆ ಏನೂ ಸಿಗಲಿಲ್ಲ. ಮಾವ ಕೋಲೂರಿಕೊಂಡು ಬಂದು ಗೋಡೆಯ ಮೂಲೆ ತೋರಿಸಿದರು. ಅಲ್ಲೂ ಇಲ್ಲ. ಆಮೇಲೆ ಮೆಟ್ಟಿಲ ಪಕ್ಕ. ಅಂಗಳವೆಲ್ಲ ಹೆಗ್ಗಣ ಕೆದರಿದಂತಾಯಿತು.

"ಚೇಂಬರ್ ಸಿಗದೆ ನಾನೇನು ಪೈಪಿಗೆ ಮಂತ್ರ ಹಾಕ್ಲಾ?" ಎಂದು ಗೊಣಗುತ್ತ ರಿಪೇರಿಯವನು ಬಚ್ಚಲಿನಿಂದಲೇ ಕಂಬಿ ತುರುಕಿದ. ಅದು ಸ್ವಲ್ಪ ಹೋಗಿ ಸಿಕ್ಕಿಕೊಂಡಿತು. ಎಳೆದ ರಭಸಕ್ಕೆ ಮುರಿದು ತುದಿ ಒಳಗೇ ಉಳಿಯಿತು. "ಚೇಂಬರ್ ಮನೆ ಒಳಗೇ ಇದೆ, ಟೈಲ್ಸ್ ಕೆಳಗೆ. ನೆಲ ಒಡೀಬೇಕು," ಎಂದವನು ಮುರಿದ ಕಂಬಿಯ ದುಡ್ಡನ್ನೂ ಸೇರಿಸಿ ಇಸಿದುಕೊಂಡು ಹೊರಟ.

ಮಾವ ಕೋಲನ್ನು ನೆಲಕ್ಕೆ ಕುಟ್ಟಿದರು. "ಯಾರು ನನ್ನ ನೆಲ ಮುಟ್ತಾರೋ ನೋಡೇಬಿಡ್ತೀನಿ. ಕೆಲಸ ಬರದವರ ಮಾತು ಕೇಳ್ಕೊಂಡು ಮನೆ ಒಡೀತೀರಾ? ಹೊರಗಿದೆ ಅಂದ್ನಲ್ಲ!"

"ಹೊರಗೆ ಎಲ್ಲಿ ಅಪ್ಪಾ?" ಎಂದ ಗಂಡ.

"ಹುಡುಕಿ. ಕಣ್ಣಿಲ್ವಾ?"

ಅದಾದ ಮೇಲಿನ ವಾರಗಳ ಬಾಳು ಯಾರಿಗೂ ಬೇಡ. ಸ್ನಾನ ಟಬ್ಬಿನೊಳಗೆ ನಿಂತು. ಆಮೇಲೆ ಆ ನೀರನ್ನು ಬಕೆಟ್ಟಿಗೆ ತುಂಬಿ ಬೀದಿಯ ಮೋರಿಗೆ ಹೊತ್ತು ಹಾಕುವುದು. ಪಾತ್ರೆ ತೊಳೆಯುವುದು ಅಂಗಳದಲ್ಲಿ, ಬಗೆದ ಗುಂಡಿಗಳ ನಡುವೆ. ಮೊಮ್ಮಗಳು ತಲೆ ತೊಳೆಯಲು ಗೆಳತಿಯ ಮನೆಗೆ ಹೋದಳು. ಅತ್ತೆಯ ಬಾಣಲೆ ಮಾತ್ರ ಒಂದು ದಿನವೂ ಒಲೆಯಿಂದ ಇಳಿಯಲಿಲ್ಲ. ಅಂಗಡಿಯವರಿಗೆ ಕೊಟ್ಟ ಮಾತು, ತಪ್ಪಿಸಿದರೆ ಬೇರೆಯವರ ಹತ್ತಿರ ಹೋಗುತ್ತಾರೆ. ಸೊಸೆಯ ಕಣ್ಣು ತಪ್ಪಿದರೆ ಎಣ್ಣೆ ಸಿಂಕಿಗೆ ಇಳಿಯುತ್ತಿತ್ತು, ಜಾಲರಿ ಗೊಳಕ್ ಎನ್ನುತ್ತಿತ್ತು, ಸೊಸೆ ಬಟ್ಟೆ ಹಿಡಿದು ಓಡುತ್ತಿದ್ದಳು.

"ಎಷ್ಟು ಸಲ ಹೇಳ್ಬೇಕು ಅತ್ತೆ ನಿಮಗೆ?"

"ಕೈ ತಪ್ಪಿ ಹೋಯ್ತು ಕಣೆ. ಇಷ್ಟು ವರ್ಷದ ಕೈ, ಒಂದು ದಿನಕ್ಕೆ ತಿರುಗುತ್ತಾ?"

"ನಿಮ್ಮ ಮಗ ಮಾಡೋದೂ ಅಷ್ಟೇ. ನಿನ್ನೆ ಬ್ರಷ್ಷು ತೊಳೆದ ನೀರು ಬಚ್ಚಲಿಗೇ ಹಾಕಿದ್ರು. ನೆಲವೆಲ್ಲ ನೀಲಿ."

"ಮತ್ತೆಲ್ಲಿಗೆ ಹಾಕ್ಲಿ, ನಿನ್ನ ತಲೆ ಮೇಲಾ?" ಎಂದು ಗಂಡ ಶೆಡ್ಡಿನಿಂದಲೇ ಕೂಗಿದ.

ವಾಸನೆಗೆ ಬಾಗಿಲು ಕಿಟಕಿ ಗೊತ್ತಿಲ್ಲ. ಸೊಸೆ ಎಷ್ಟೇ ಉಜ್ಜಿದರೂ ಅದು ಚಾಪೆಗೆ, ಪರದೆಗೆ, ಮಕ್ಕಳ ಕೂದಲಿಗೆ ಅಂಟಿಕೊಂಡಿತು. ತಾಯಂದಿರಲ್ಲಿ ಮೊದಲು ಮಗುವನ್ನು ಬಿಡಿಸಿದವಳು ಆಸ್ಪತ್ರೆಯ ನರ್ಸಮ್ಮ.

"ಅಕ್ಕ, ತಪ್ಪು ತಿಳ್ಕೋಬೇಡಿ. ಮಗಳಿಗೆ ಮೊನ್ನೆಯಿಂದ ಭೇದಿ."

"ಇಲ್ಲಿಂದಲೇ ಬಂತು ಅಂತೀರಾ?"

"ನಾನು ಹಾಗೆ ಹೇಳ್ಲಿಲ್ಲ."

"ಮತ್ತೆ?"

ನರ್ಸಮ್ಮ ಉಸಿರು ಬಿಗಿಹಿಡಿದಿದ್ದಳು, ಬಾಯಿ ತೆರೆದರೆ ವಾಸನೆ ಒಳಗೆ ಹೋಗುತ್ತದಲ್ಲ. ಮಗುವಿನ ಚೀಲ, ಲೋಟ, ಒಂದು ಜೊತೆ ಬಟ್ಟೆ ತೆಗೆದುಕೊಂಡು ಹೊರಟಳು. ಅವಳು ದಾದಿ, ರೋಗದ ಸಂಗತಿ ತಿಳಿದವಳು. ಅವಳೇ ಬಿಡಿಸಿದಳು ಎಂದ ಮೇಲೆ ಉಳಿದವರು ನಿಲ್ಲುತ್ತಾರೆಯೇ? ಒಬ್ಬಳಿಗೆ ಇದ್ದಕ್ಕಿದ್ದಂತೆ ಊರಿನಿಂದ ಅತ್ತೆ ಬಂದರು, ಇನ್ನೊಬ್ಬಳಿಗೆ ಕೆಲಸದ ಹೊತ್ತು ಬದಲಾಯಿತು. ನೆಪಗಳಿಗೇನು ಬರವೇ. ಕೊನೆಗೆ ಚಾಪೆಯ ಮೇಲೆ ಉಳಿದದ್ದು ಗುಂಡ ಒಬ್ಬನೇ. ಕಂಡಕ್ಟರಮ್ಮನಿಗೆ ಬೇರೆ ಗತಿ ಇರಲಿಲ್ಲ.

"ಇವನನ್ನ ಬಸ್ಸಲ್ಲಿ ಕೂರಿಸಿಕೊಂಡು ಹೋಗೋಕಾಗುತ್ತಾ ಅಕ್ಕ? ಆದ್ರೂ ಮುಂದಿನ ವಾರದವರೆಗೆ ನೋಡ್ತೀನಿ, ಅಷ್ಟೇ," ಎಂದಳು ಅವಳು ಕೂಡ.

ಅಂದು ಮಧ್ಯಾಹ್ನ ಸೊಸೆ ಎಲ್ಲರಿಗೂ ಬಡಿಸಿ ತಾನು ಬಡಿಸಿಕೊಳ್ಳದೆ ನಿಂತಳು.

"ಕೂತ್ಕೋ ಅಮ್ಮ," ಎಂದಳು ಮಗಳು.

"ಅಡುಗೆಮನೆ ನಿಮ್ಮದು ಅತ್ತೆ. ನೆಲ ಮಾವಂದು. ಶೆಡ್ಡು ನಿಮ್ಮ ಮಗಂದು. ನಾನು ಯಾವತ್ತಾದ್ರೂ ಬಾಯಿಬಿಟ್ಟು ಏನಾದ್ರೂ ಕೇಳಿದೀನಾ? ನನಗಿರೋದು ಆ ಒಂದು ಕೋಣೆ. ಮುಂದಿನ ವಾರಕ್ಕೆ ಅದೂ ಇರಲ್ಲ," ಎಂದವಳ ದನಿ ಒಡೆಯಿತು. ಅವಳು ಜೋರಾಗಿಯೇ ಅತ್ತಳು, ಮರೆಯಲ್ಲಿ ಅಳುವ ಸಂಕೋಚವೂ ಅವಳಿಗೆ ಆಗ ಉಳಿದಿರಲಿಲ್ಲ.

ಗುಂಡ ಅವಳ ಅಳು ನೋಡಿ ತಾನೂ ಬಾಯಿ ತೆಗೆದ. ಗಂಡ ತಟ್ಟೆಯಲ್ಲಿ ಗೆರೆ ಎಳೆಯುತ್ತ ಕೂತ. ಮಾವ ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ನಿದ್ದೆಹೋಗಿದ್ದರು. ಅತ್ತೆ ಆ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ, ಆಲೂಗಡ್ಡೆಯ ಸಿಪ್ಪೆ ಹೆರೆಯುವುದನ್ನು ನಿಲ್ಲಿಸದೆ ಹೇಳಿದರು:

"ಅಡುಗೆಮನೆ ಹೊಸ್ತಿಲ ಆಚೆ, ನಡುಮನೇಲಿ ಆ ಹಸಿರು ಟೈಲ್ಸ್ ಇದೆಯಲ್ಲ, ಅದರ ಕೆಳಗಿದೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ.

"ಚೇಂಬರ್ರಾ?" ಎಂದ ಗಂಡ. "ನಿನಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿಲ್ದೆ ಏನು? ಮುಂಚೆ ಅದು ಹಿತ್ತಲು. ಅದರ ಕಲ್ಲು ಮುಚ್ಚಳದ ಮೇಲೆ ಕೂತೇ ನಿನ್ನ ಬಟ್ಟೆ ಒಗೀತಿದ್ದೆ. ನಿನ್ನ ಮದುವೆಗೆ ಮನೆ ಬೆಳೆಸಿದಾಗ ಅದು ಒಳಗೆ ಬಂತು. ನಡುಮನೇಲಿ ಮುಚ್ಚಳ ಕಂಡರೆ ಬೀಗರ ಎದುರು ಮರ್ಯಾದೆ ಹೋಗುತ್ತೆ ಅಂತ ನಿಮ್ಮಪ್ಪ ಮೇಲೆ ಟೈಲ್ಸ್ ಹಾಕಿಬಿಟ್ರು."

"ನಾನು ಇಷ್ಟು ವಾರದಿಂದ ಹೇಲುನೀರು ಬಳೀತಾ ಇದೀನಿ," ಎಂದಳು ಸೊಸೆ. "ಒಂದೊಂದೇ ಮಗು ಕಳ್ಕೊಂಡೆ. ನೀವು ನೋಡ್ತಾ ಕೂತಿದ್ರಾ?"

"ಏನು ಮಾಡ್ಲಿ ಮತ್ತೆ? ಅವರು ಮರೆತಿದಾರೆ ಅಂತ ಊರಿಗೆಲ್ಲ ಸಾರಲಾ? ಆ ರಿಪೇರಿಯವನ ಎದುರು ಹೇಳಿದ್ರೆ ಅವನು ಬೀದೀಲಿ ಏನಂತಿದ್ದ? ಮೇಸ್ತ್ರಿಗೆ ತನ್ನ ಮನೆ ಚೇಂಬರೇ ಗೊತ್ತಿಲ್ಲ ಅಂತ ನಗ್ತಿರಲಿಲ್ವಾ?" ಅತ್ತೆಯ ಚಾಕು ನಿಂತಿತು. "ನಿನಗೆ ಕೋಣೆ ಹೋಗುತ್ತೆ ಅಂತ ಅಳು. ನನಗೆ ಮನುಷ್ಯನೇ ಹೋಗ್ತಾ ಇದಾನೆ ಕಣೆ, ದಿನಾ ಇಷ್ಟಿಷ್ಟು."

ಸೊಸೆ ಕಣ್ಣೊರೆಸಿಕೊಂಡು ಗುಂಡನನ್ನು ಎತ್ತಿಕೊಂಡಳು. ಕೋಣೆಯನ್ನು ಬಿಟ್ಟುಕೊಡಲು ಮಾತ್ರ ಅವಳಿಗೆ ಮನಸ್ಸಿರಲಿಲ್ಲ.

ಭಾನುವಾರ ನೆಲ ಒಡೆದರು. ಮಾವನನ್ನು ಪಕ್ಕದ ಮನೆಗೆ ಕಳಿಸಬೇಕೆಂದಿದ್ದರು, ಅವರು ಜಗ್ಗಲಿಲ್ಲ. ಕುರ್ಚಿ ಹಾಕಿಸಿಕೊಂಡು ಕೂತು ಮೊದಲು ಬೈದರು, ಮಗನಿಗೆ ಕೋಲು ಬೀಸಿದರು. ಸುತ್ತಿಗೆಯ ಮೊದಲ ಏಟಿಗೆ ಹಸಿರು ಟೈಲ್ಸ್ ಸೀಳಿದಾಗ ದನಿ ಬೇರೆಯಾಯಿತು.

"ಅದು ಹೆಡ್‌ಮೇಷ್ಟ್ರ ಮನೇದು ಕಣೋ. ಅದನ್ನ ಬಿಡೋ."

"ಬಿಟ್ಟರೆ ಆಗಲ್ಲ ಅಪ್ಪಾ."

"ಪಕ್ಕದ್ದು ಮೆತ್ತಗೆ. ಅದು... ಅದು..." ಎಂದು ಅವರು ಹುಡುಕಿದರು. ಚೂರಾದ ಟೈಲ್ಸ್ ಯಾರ ಮನೆಯದೆಂದು ಅವರಿಗೆ ಹೊಳೆಯಲಿಲ್ಲ. ಅವರು ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಮುಚ್ಚಳದ ಕಲ್ಲು ಎತ್ತಿದಾಗ ಎಲ್ಲರೂ ಮುಖ ತಿರುಗಿಸಿದರು. ಅದೇ ರಿಪೇರಿಯವನು ಮತ್ತೆ ಬಂದಿದ್ದ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಗುಂಡಿಯಿಂದ ಒಂದೊಂದನ್ನೇ ಕಿತ್ತು ಬಕೆಟ್ಟಿಗೆ ಹಾಕಿದ. ಮೊದಲು ಬಂದದ್ದು ಸಾಬೂನಿನ ಗಟ್ಟಿಯಂತೆ ಬೆಳ್ಳಗೆ ಹೆಪ್ಪುಗಟ್ಟಿದ ಜಿಡ್ಡು. ಕುದಿಯುವ ನೀರಿಗೆ ಕರಗಿ ಹೊರಟ ಎಣ್ಣೆ ಇಲ್ಲಿಯವರೆಗೆ ಬಂದು ತಣ್ಣಗಾಗಿ ಬೀಡುಬಿಟ್ಟಿತ್ತು. ಅತ್ತೆ ನೋಡಿ ಬಾಯಿಗೆ ಸೆರಗು ಹಚ್ಚಿದರು. ಜಿಡ್ಡಿನೊಳಗೆ ನೀಲಿ, ಗುಲಾಬಿ, ಹಳದಿ ಪೊರೆಗಳು. ಗಂಡ ಯಾವ್ಯಾವ ಮನೆಗೆ ಯಾವ ಬಣ್ಣ ಬಳಿದನೆಂದು ಪದರ ಬಿಡಿಸಿ ಹೇಳಬಹುದಿತ್ತು. ಆಮೇಲೆ ಮಗಳ ಉದ್ದ ಕೂದಲು. ಎಲ್ಲದಕ್ಕೂ ಸುತ್ತಿಕೊಂಡು, ಹಗ್ಗದ ಹಾಗೆ ಹೊಸೆದುಕೊಂಡು, ಎಳೆದಷ್ಟೂ ಬರುವ ಇನ್ನೊಂದು ವಸ್ತು.

"ಈ ಬಟ್ಟೆ ಯಾವುದು?" ಎಂದ ರಿಪೇರಿಯವನು.

"ಬಟ್ಟೆ ಅಲ್ಲ," ಎಂದಳು ಮಗಳು. "ಮಕ್ಕಳ ತಿಕ ಒರೆಸೋ ಒದ್ದೆ ಟಿಶ್ಯೂ. ಅಮ್ಮಂದು."

ಸೊಸೆಯ ಮುಖ ಕೆಂಪಾಯಿತು. "ಕಮೋಡಿಗೆ ಹಾಕಬಹುದು ಅಂತ ಪ್ಯಾಕೆಟ್ ಮೇಲೆ ಇತ್ತು."

"ಹಾಕಬಹುದು. ಹಾಕಿದೀರಲ್ಲ," ಎಂದು ಅವನು ಇನ್ನೊಂದು ಮೊಳ ಎಳೆದ.

ಇಷ್ಟು ದಿನ ಒಬ್ಬರ ಮೇಲೊಬ್ಬರು ಹಾರಾಡಿದ್ದವರು ಬಕೆಟ್ಟಿನ ಸುತ್ತ ತಲೆ ಬಗ್ಗಿಸಿ ನಿಂತರು. ಮುರಿದ ಕಂಬಿಯ ತುದಿಯೂ ಸಿಕ್ಕಿತು. ಅವನು ಅದನ್ನು ಜೇಬಿಗೆ ಹಾಕಿಕೊಂಡನೇ ಹೊರತು ದುಡ್ಡು ವಾಪಸ್ಸು ಕೊಡುವ ಮಾತೆತ್ತಲಿಲ್ಲ.

ಗಂಡ ಹಿಡಿಕೆ ಇರುವ ಕಬ್ಬಿಣದ ಮುಚ್ಚಳ ತಂದು ಕೂರಿಸಿದ. ಎತ್ತಿದರೆ ಬರುತ್ತದೆ, ಬಿಟ್ಟರೆ ಕೂರುತ್ತದೆ. ಅತ್ತೆ ಎಣ್ಣೆಗೆ ಡಬ್ಬ ಇಟ್ಟರು. ಎರಡು ಸಲ ಮರೆತರು, ಮೂರನೆಯ ಸಲ ತಾವೇ ನಾಲಿಗೆ ಕಚ್ಚಿಕೊಂಡು ಡಬ್ಬಕ್ಕೆ ಸುರಿದರು. ಬ್ರಷ್ಷು ತೊಳೆದ ನೀರು ಬಕೆಟ್ಟಿನಲ್ಲಿ ತಿಳಿಯಾಗಲು ನಿಂತಿತು. ಟಿಶ್ಯೂಗೆ ಸೊಸೆ ಬೇರೆ ಬುಟ್ಟಿ ಇಟ್ಟಳು. ಆಗಾಗ ಮುಚ್ಚಳ ಎತ್ತಿ ನೀರು ಸರಾಗವಾಗಿ ಹರಿಯುವುದನ್ನು ಬಗ್ಗಿ ನೋಡುತ್ತಿದ್ದಳು. ಕೊಳೆನೀರು ಹರಿಯುವುದನ್ನು ನೋಡಿ ಯಾರಿಗಾದರೂ ಸಂತೋಷವಾಗುತ್ತದೆಂದರೆ ಹಿಂದೆ ಅವಳೇ ನಗುತ್ತಿದ್ದಳು.

ಮಾವ ಮಾತ್ರ ಹಾಸಿಗೆ ಹಿಡಿದರು. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ತಟ್ಟೆ ಹಾಗೇ ವಾಪಸ್ಸು ಬರುತ್ತಿತ್ತು. ಒಮ್ಮೆ ಸೊಸೆ ಗಂಜಿ ತಂದು ಪಕ್ಕದಲ್ಲಿ ಕೂತಳು.

"ಒಂದು ಗುಟುಕು ಮಾವ."

"ಇದು ಯಾರ ಮನೆ?"

"ನಮ್ಮನೆ ಮಾವ."

"ನಮ್ಮನೆ ನೆಲ ಹೀಗಿಲ್ಲ," ಎಂದು ಅವರು ತಟ್ಟೆ ಸರಿಸಿದರು.

ಮೈ ಇಳಿಯಿತು, ಕುತ್ತಿಗೆಯ ಎಲುಬು ಎದ್ದು ಕಂಡಿತು. ಸೊಸೆಗೆ ಸಂಕಟವಾಯಿತು. ಆ ಮುಚ್ಚಳ ಅವರ ಎದೆಯ ಮೇಲೇ ಕೂತಿದೆ ಎಂದು ಅವಳಿಗೂ ಕಾಣುತ್ತಿತ್ತು. ಆದರೂ ಅವಳು ಅದನ್ನು ಫಳಫಳ ಉಜ್ಜಿಟ್ಟುಕೊಂಡು, ಒಂದು ದಿನ ಊಟ ಮುಗಿಸಿ ತಾಯಂದಿರನ್ನು ಕಾಣಲು ಹೊರಟಳು. ನೆಲ ಒಡೆದ ಮೇಲೆ ಗುಂಡನೂ ಬರುವುದು ನಿಂತಿತ್ತು. ಮಾವನನ್ನು ನೋಡಿಕೊಳ್ಳಲು ಅತ್ತೆ ಮನೆಯಲ್ಲಿದ್ದರು.

ನರ್ಸಮ್ಮ ಆಸ್ಪತ್ರೆಯ ಹಿಂಬಾಗಿಲಲ್ಲಿ ಸಿಕ್ಕಳು. ಮಗುವನ್ನು ಈಗ ದೂರದ ಯಾರೋ ಮುದುಕಿಯ ಹತ್ತಿರ ಬಿಡುತ್ತಿದ್ದಳು. ಅಲ್ಲಿ ಅದು ದಿನವಿಡೀ ಟಿವಿ ಮುಂದೆ.

"ಸರಿಹೋಯ್ತು ಅಂತ ನೀವು ಹೇಳ್ತೀರಿ ಅಕ್ಕ. ಮತ್ತೆ ಉಕ್ಕಿದ್ರೆ?"

"ಉಕ್ಕೋಕೆ ಮುಂಚೆ ಗೊತ್ತಾಗುತ್ತೆ. ಮುಚ್ಚಳ ತೆಗೆದು ನೋಡೋ ಹಾಗೆ ಮಾಡಿದೀವಿ. ನೀವೇ ಬಂದು ನೋಡಿ."

ನರ್ಸಮ್ಮ ಯೋಚಿಸಿದಳು. "ನಾಳೆ ಬೆಳಿಗ್ಗೆ ಬರ್ತೀನಿ. ಮುಚ್ಚಳ ತೆಗೆದು ತೋರಿಸ್ಬೇಕು. ಚೆನ್ನಾಗಿದ್ರೆ ಮಗೂನ ಅಲ್ಲೇ ಬಿಟ್ಟು ಹೋಗ್ತೀನಿ. ಉಳಿದವರಿಗೂ ನಾನೇ ಹೇಳ್ತೀನಿ, ನಾನು ಹೇಳಿದ್ರೆ ಕೇಳ್ತಾರೆ."

ಕಂಡಕ್ಟರಮ್ಮ ಬಸ್ಸಿನ ಮೆಟ್ಟಿಲಿಂದಲೇ ಕೂಗಿದಳು, "ನರ್ಸಮ್ಮ ಒಪ್ಪಿದ್ರೆ ನಾನೂ ನಾಳೆಯಿಂದ ಗುಂಡನ್ನ ಬಿಡ್ತೀನಿ ಅಕ್ಕ!"

ಸೊಸೆ ದಾರಿಯುದ್ದಕ್ಕೂ ಯಾವ ಚಾಪೆ ಎಲ್ಲಿ ಹಾಕಬೇಕೆಂದು ಲೆಕ್ಕ ಹಾಕುತ್ತ ಬಂದಳು. ನಾಳೆಗೆಂದು ಬಿಸ್ಕತ್ತು ಕೊಂಡಳು. ಬಿಸಿಲು ಇಳಿಯುವ ಹೊತ್ತಿಗೆ ಮನೆ ಮುಟ್ಟಿದರೆ ಬಾಗಿಲಲ್ಲೇ ಅತ್ತೆ ನಿಂತಿದ್ದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಕಳೆ ಇತ್ತು.

"ಎರಡು ಸಲ ಹಾಕಿಸ್ಕೊಂಡು ಉಂಡ್ರು ಕಣೆ! ನೀನು ಹೋಗಿದ್ದೇ ತಡ, ಎದ್ದು ಕೂತು, ಕರಣೆ ಎಲ್ಲಿ ಅಂದ್ರು. ಒಡೆದ ಜಾಗದ ಸುತ್ತ ಟೈಲ್ಸ್ ಕೂರಿಸ್ತೀನಿ ಅಂದ್ರು. ಶೆಡ್ಡಿನಲ್ಲಿ ಸಿಮೆಂಟ್ ಇತ್ತು, ಗಾರೆ ಬಾಂಡ್ಲೀಲಿ ಒಂದಿಷ್ಟು ಕಲಸಿಕೊಟ್ಟು ನಾನು ಚಿಪ್ಸ್ ಕೊಡೋಕೆ ಅಂಗಡಿಗೆ ಹೋಗಿ ಬಂದೆ. ಬಂದು ನೋಡಿದ್ರೆ ಅಷ್ಟೂ ಮುಗಿಸಿದಾರೆ. ಬಾ, ನೋಡು ಬಾ."

ಸೊಸೆ ನಡುಮನೆಗೆ ಬಂದಳು. ಮುಚ್ಚಳ ಇರಲಿಲ್ಲ. ಅದು ಅಂಗಳದ ಗೋಡೆಗೆ ಒರಗಿತ್ತು. ಮುಚ್ಚಳ ಇದ್ದ ಜಾಗದಲ್ಲಿ ಒಂದು ಕೂದಲು ತೂರದಂತೆ ಕೂಡಿಸಿದ ಟೈಲ್ಸ್. ತಮ್ಮ ಮಂಚದ ಕೆಳಗಿನ ನೆಲವನ್ನು ಕಿತ್ತು ಅವರು ಇಲ್ಲಿಗೆ ಜೋಡಿಸಿದ್ದರು. ಮಾವ ಮಂಡಿಯೂರಿ ಕೂತು ಅಂಚಿನ ಸಿಮೆಂಟನ್ನು ಬೆರಳಲ್ಲಿ ಸವರುತ್ತಿದ್ದರು. ಮುಖದ ತುಂಬ ಬಿಳಿ ಧೂಳು, ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

"ಮಾವ, ಕೆಳಗೆ ಗುಂಡಿ ಇತ್ತಲ್ಲ?"

"ಇತ್ತು. ತುಂಬಿದೆ."

"ಏನು ತುಂಬಿದ್ರಿ?"

"ಇಟ್ಟಿಗೆ, ಜಲ್ಲಿ, ಮೇಲೆ ಶೆಡ್ಡಿನ ಸಿಮೆಂಟನ್ನೆಲ್ಲ ಹಾಲಿನ ಹಾಗೆ ತೆಳ್ಳಗೆ ಕಲಸಿ ಹುಯ್ದೆ. ಟೊಳ್ಳು ಜಾಗದ ಮೇಲೆ ಟೈಲ್ಸ್ ನಿಲ್ಲುತ್ತಾ? ಯಾರೋ ಕೆಲಸ ಬರದವನು ಹಾಗೇ ಬಿಟ್ಟು ಹೋಗಿದ್ದ."

ಸೊಸೆ ಅಲ್ಲೇ ಗೋಡೆ ಹಿಡಿದು ಕೂತಳು. ಕೆಲಸದಿಂದ ಬಂದ ಗಂಡ ಒಂದೇ ನೋಟಕ್ಕೆ ಎಲ್ಲ ತಿಳಿದುಕೊಂಡು, ಚೀಲ ಎಸೆದು, ಬಚ್ಚಲಿಗೆ ಓಡಿ ಜಾಲರಿ ತೆಗೆದು ಕಂಬಿ ಬಿಟ್ಟ. ಕಂಬಿ ಕಟ್ ಎಂದು ನಿಂತಿತು. ಸಿಂಕಿನ ಕಡೆಯಿಂದ ಬಿಟ್ಟ, ಅಲ್ಲೂ ಕಟ್ ಎಂದಿತು.

"ಅಮ್ಮ, ನೀನು ಅಂಗಡಿಯಿಂದ ಬಂದ್ಮೇಲೆ ಸಿಂಕಲ್ಲಿ ನೀರು ಬಿಟ್ಟೆಯಾ?"

"ಅವರ ಊಟದ ತಟ್ಟೆ ತೊಳೆದೆ. ನೀರು ಹೋಗ್ಲಿಲ್ಲ, ಅದಕ್ಕೆ ಕೋಲಿಂದ ತಳ್ಳಿದೆ." ಅತ್ತೆಯ ದನಿ ಸಣ್ಣಗಾಯಿತು. "ಯಾಕೋ? ಏನಾಯ್ತು?"

ಗಂಡ ಸೊಸೆಯ ಪಕ್ಕ ಕೂತು, ಮಾವನಿಗೆ ಕೇಳದಂತೆ ಹೇಳಿದ. "ಸಿಮೆಂಟು ಪೈಪಿನ ಒಳಗೆಲ್ಲ ಹೋಗಿದೆ. ಚೇಂಬರ್ ಒಂದನ್ನ ಕಿತ್ತರೆ ಆಗಲ್ಲ. ಬಚ್ಚಲಿಂದ ಬೀದಿವರೆಗೂ ಲೈನೇ ಹೊಸದು ಹಾಕಬೇಕು. ಇಡೀ ನೆಲ ಏಳುತ್ತೆ."

"ಯಾವಾಗ?"

"ಯಾವಾಗ ಅಂದ್ರೆ? ದುಡ್ಡು ಎಲ್ಲಿದೆ?" ಅವನು ಅಪ್ಪನ ಬೆನ್ನು ನೋಡಿದ. "ಇದ್ರೂ ಒಡೆಯೋರು ಯಾರು? ನನ್ನಿಂದಂತೂ ಇನ್ನೊಂದು ಸಲ ಆಗಲ್ಲ."

ಅತ್ತೆಗೆ ಆಗ ಅರ್ಥವಾಯಿತು. ಅವರು ಹೊಸ್ತಿಲ ಮೇಲೆ ಕುಸಿದು ಕೂತು ಸೊಸೆಯ ಕೈ ಹಿಡಿದುಕೊಂಡರು. ಸೊಸೆ ಬಿಡಿಸಿಕೊಳ್ಳಲಿಲ್ಲ. ಬೈಯಬೇಕೆಂದುಕೊಂಡಳು, ಯಾರನ್ನು ಬೈಯುವುದೆಂದು ತಿಳಿಯಲಿಲ್ಲ. ಎಲ್ಲ ಮುಗಿಯಿತು ಎನ್ನುವುದೊಂದೇ ಸ್ಪಷ್ಟವಾಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ನರ್ಸಮ್ಮನಿಗೆ ಫೋನು ಮಾಡಿದಳು.

"ನಾಳೆ ಬರಬೇಡಿ ನರ್ಸಮ್ಮ."

"ಯಾಕಕ್ಕ? ನಾಡಿದ್ದು ಬರಲಾ?"

"ಬೇಡ. ಮಗೂನ ಅಲ್ಲೇ ಬಿಡಿ. ಕಂಡಕ್ಟರಮ್ಮನಿಗೂ ಒಂದು ಮಾತು ಹೇಳಿಬಿಡಿ, ಗುಂಡನ್ನೂ ಅಲ್ಲೇ ಬಿಡೋಕಾಗುತ್ತಾ ಕೇಳಿ ನೋಡ್ಲಿ."

"ಮುಚ್ಚಳ ತೋರಿಸ್ತೀನಿ ಅಂದ್ರಲ್ಲಕ್ಕ?"

"ಇಲ್ಲ. ಇನ್ನು ಇಲ್ಲ," ಎಂದು ಸೊಸೆ ಫೋನು ಇಟ್ಟಳು.

"ಯಾರಮ್ಮ ಅಲ್ಲಿ," ಎಂದು ಮಾವ ತಲೆಯೆತ್ತದೆ ಕರೆದರು. ಹಿಂದೆ ಕೈಕೆಳಗಿನವರನ್ನು ಕರೆಯುತ್ತಿದ್ದ ದನಿ ಅದು, ಗಟ್ಟಿಯಾಗಿತ್ತು. "ಒಂದು ಬಟ್ಟೆ ಒದ್ದೆ ಮಾಡಿ ಕೊಡು. ಸಿಮೆಂಟು ಒಣಗೋಕೆ ಮುಂಚೆ ಒರೆಸ್ಬೇಕು. ಇಲ್ಲಾಂದ್ರೆ ಕಲೆ ಉಳಿಯುತ್ತೆ."

ಸೊಸೆ ಅಂಗಳಕ್ಕೆ ಹೋಗಿ ಬಟ್ಟೆ ನೆನೆಸಿ, ನೀರು ಸೋರದಂತೆ ಚೆನ್ನಾಗಿ ಹಿಂಡಿ, ತಂದು ಅವರ ಕೈಗೆ ಕೊಟ್ಟಳು.